ಅಕ್ಷರದ ಸವಾಯಿ

ಹುಮನಾಬಾದ, ೬ ಮೇ ೧೯೩೯

ತಂಗಿ ಕೇಶರಬಾಯಿಗೆ,

ಮೊದಲು ಲೆಕ್ಕ, ಕ್ಷೇಮಸಮಾಚಾರ ಆಮ್ಯಾಲ. ಕಲ್ಯಾಣದಾಗ ನೀ ಹೆಣ್ಣುಮಕ್ಕಳ ಸಾಲಿ ತೆರೆದು ಇವತ್ತಿಗೆ ಒಂದು ವರ್ಷ ಆತು. ಈ ಒಟ್ಟು ಕಾರಭಾರಕ್ಕ ಬಿದ್ದದ್ದು ಇಷ್ಟು: ಪಾಟಿ, ಬಳಪ, ಎರಡು ಜಮಖಾನಿ, ಒಂದು ಕರೀ ಹಲಗಿ, ಅದನ್ನ ತೂಗುಹಾಕಲಿಕ್ಕ ಬಡಿದ ಮೊಳಿ ಸುದ್ದಾ ಹಿಡಿದು ಹೈದರಾಬಾದಿನ ಹಾಲಿ ಸಿಕ್ಕಾದಾಗ ನೂರಾ ಎಂಟು ರೂಪಾಯಿ. ನಿನ್ನ ಊಟದ ಜೋಳ, ತೊಗರಿ ಮನೀದು, ಹಿಡದಿಲ್ಲ. ಸೊಲ್ಲಾಪುರದಾಗ ನಿನ್ನ ಓದಿಗೆ ಆದದ್ದೂ ಹಿಡದಿಲ್ಲ; ಅದು ನನ್ನ ಖುಷಿಯ ಖರ್ಚು.

ಇನ್ನು ರೊಕ್ಕದಾಗ ಬರೀಲಿಕ್ಕ ಬಾರದ್ದು. ಗಂಡ ಸತ್ತ ಹುಡುಗೀನ ಮನಿಯೊಳಗ ಇಟ್ಟುಕೊಳ್ಳೂದು ಬಿಟ್ಟು ಪರಊರಿಗೆ ಕಲಿಸಲಿಕ್ಕ ಕಳಿಸಿದೆ ಅಂತ ಬಸವಣಪ್ಪ ಕಾಕಾ ನಮ್ಮ ಹೊಸ್ತಿಲಾ ತುಳಿಯೂದು ಬಿಟ್ಟಾನ. ನಿನ್ನ ವೈನಿ ಪಾರ್ವತಿ ಸಂಜೀಕೆ ಮಾತಾಡಲಿಕ್ಕ ಯಾರೂ ಇಲ್ಲಂತ ನನ್ನ ಜೋಡಿನ ಮಾತಾಡಾಕತ್ತಾಳ. ಇದರಿಂದ ಇಬ್ಬರಿಗೂ ತ್ರಾಸು. ಮಗಳು ಶೇವಂತಾ ದಿನಾ ‘ಅತ್ಯಾ ಯಾವಾಗ ಬರ್ತಾಳ’ ಅಂತ ಕೇಳ್ತಾಳ.

ಜಮಾ: ಆರು ಹುಡುಗ್ಯಾರಿಗೆ ಹೆಸರು ಬರೀಲಿಕ್ಕ ಬರ್ತದ, ಅಂತ ನೀನೇ ಬರದಿ.

ಇಂಥಾ ಅಂಗಡಿ ನಂದಾಗಿದ್ರ ಎರಡನೇ ವರ್ಷಕ್ಕ ಬಾಗಲಾ ಹಾಕಿ ಬ್ಯಾರೆ ಮಾಲು ಹಿಡೀತಿದ್ದೆ. ಹಿಂದಿನ ಖೋಲಿಗೆ ಸುಣ್ಣ ಹಚ್ಚಿಸೀನಿ. ಬಂದುಬಿಡು. ಇಲ್ಲೆ ಎಲ್ಲಾರೂ ಆರಾಮ.

ನಿನ್ನ ಅಣ್ಣ
ಬಂಡೆಪ್ಪ


ಕಲ್ಯಾಣ, ೧೫ ಮೇ ೧೯೩೯

ಅಣ್ಣನಿಗೆ ಕೇಶರಬಾಯಿಯ ನಮಸ್ಕಾರ.

ಲೆಕ್ಕ ಮುಟ್ಟಿತು. ಅದರಲ್ಲಿ ಎರಡು ತಪ್ಪಿವೆ. ಹೆಸರು ಬರೆಯಲು ಬರುವವರು ಆರಲ್ಲ, ಒಂಬತ್ತು. ಮೂವರು ನನ್ನ ಪತ್ರ ಹೋದ ಮೇಲೆ ಕಲಿತರು. ಬಸವಣಪ್ಪ ಕಾಕಾನನ್ನು ಖರ್ಚಿನಲ್ಲಿ ಬರೆದಿದ್ದೀ. ಅವನು ಜಮಾದಲ್ಲಿ ಬರಬೇಕು.

ನಾನು ಈಗ ಬರಲಾರೆ. ಕಳೆದ ವಾರ ಶಾಲೆಗಳ ತಪಾಸಣೆಯ ಗಯಾಸುದ್ದೀನ್ ಸಾಹೇಬರು ಬಂದಿದ್ದರು. ವಯಸ್ಸಾದವರು, ಬಹಳ ಸಭ್ಯರು. ಸಭ್ಯವಾಗಿಯೇ ಹೇಳಿದರು: ‘ಬಾಯಿಸಾಹೇಬ, ನಾಲ್ಕು ವರ್ಗ, ಕಲಿಸಲು ಒಬ್ಬರೇ ಉಸ್ತಾನಿ. ಒಂದು ವರ್ಗ ಓದುವಾಗ ಮೂರು ವರ್ಗ ಗೋಡೆ ನೋಡುತ್ತವೆ. ಇದಕ್ಕೆ ಶಾಲೆ ಅಂತ ನಾನು ಹ್ಯಾಗೆ ರುಜು ಹಾಕಲಿ?’ ಬರುವ ಫೆಬ್ರವರಿಯಲ್ಲಿ ಮತ್ತೆ ಬರುತ್ತಾರಂತೆ. ಆಗ ನಾಲ್ಕೂ ವರ್ಗ ಏಕಕಾಲಕ್ಕೆ ನಡೆಯುತ್ತಿರಬೇಕು, ಮೂವತ್ತು ಹುಡುಗಿಯರಾದರೂ ಹಾಜರಿರಬೇಕು. ಇಲ್ಲವಾದರೆ ಶಾಲೆ ನಡೆಸುವ ಇಜಾಜತ್ ರದ್ದು, ಶಾಲೆ ಬಂದ್. ಇನ್ನೊಬ್ಬ ಉಸ್ತಾನಿಯ ಪಗಾರಕ್ಕೆ ಸರಕಾರದಲ್ಲಿ ಹಣವಿಲ್ಲ. ನಿನ್ನಲ್ಲಿ ಕೇಳುವ ಮನಸ್ಸು ನನಗಿಲ್ಲ.

ನಿನ್ನ ಅಂಗಡಿಯಿಂದ ಹಣದ ಬದಲು ಒಂದು ರೂಢಿ ಕಡ ಕೊಡು. ಬಿತ್ತನೆಯ ಮಿರಗ ಮಳೆಗೆ ನೀನು ರೈತರಿಗೆ ಬೀಜ ಕೊಡುತ್ತೀ. ರಾಶಿಯಾದ ಮೇಲೆ ಪಾಯಲಿಗೆ ಸವಾ ಪಾಯಲಿ, ನಾಲ್ಕು ಕೊಟ್ಟಲ್ಲಿ ಐದು, ತೆಗೆದುಕೊಳ್ಳುತ್ತೀ. ನಾನೂ ಸವಾಯಿ ಹಾಕುತ್ತೇನೆ. ನಾಲ್ಕು ಪಾಠ ಕಲಿತ ಹುಡುಗಿ ಒಂದು ಪಾಠವನ್ನು ತನಗಿಂತ ಸಣ್ಣವಳಿಗೆ ಕಲಿಸಿ ತೀರಿಸಬೇಕು. ತೀರಿಸಿದ ಮೇಲೆ ಮುಂದಿನ ನಾಲ್ಕು. ಆಗ ನಾನು ಒಂದು ವರ್ಗದ ಮುಂದೆ ನಿಂತಾಗ ಉಳಿದ ಮೂರು ವರ್ಗಗಳಲ್ಲೂ ಯಾರೋ ಒಬ್ಬಳು ಕಲಿಸುತ್ತಿರುತ್ತಾಳೆ. ಮೊದಲನೆಯ ಕಡ ಕಮಳಿಗೆ ಕೊಟ್ಟಿದ್ದೇನೆ. ನಮ್ಮ ಪತ್ರಗಳನ್ನು ತರುವ ಗಾಡಿಯ ಪಾಂಡುರಂಗನ ಮಗಳು.

ಶೇವಂತಾಳಿಗೆ ಒಂಬತ್ತು ತುಂಬಿತಲ್ಲವೇ? ಅವಳು ದಿನಾ ನನ್ನನ್ನು ಕೇಳುತ್ತಿದ್ದರೆ ಉತ್ತರ ಸುಲಭವಿದೆ: ಅವಳನ್ನೇ ಇಲ್ಲಿಗೆ ಕಳಿಸು.

ಕೇಶರ


ಹುಮನಾಬಾದ, ೨೨ ಜೂನ್ ೧೯೩೯

ತಂಗಿ ಕೇಶರಗ,

ನಿನ್ನ ಪತ್ರ ಓದಿ ನಕ್ಕು ನಕ್ಕು ನನ್ನ ರುಮಾಲು ಬಿಚ್ಚಿತು. ಅಣ್ಣ ಬೀಜ ಮಾರ್ತಾನ, ತಂಗಿ ಅಕ್ಷರ ಬಿತ್ತತಾಳ, ಇಬ್ಬರದೂ ಒಂದೇ ದರ. ನಮ್ಮಪ್ಪ ತಲಿ ಮ್ಯಾಲ ಬುಟ್ಟಿ ಹೊತ್ತು ಬೆಲ್ಲ ಮಾರಿದಾಂವ. ಇದನ್ನ ಕೇಳಿದ್ರ ಬುಟ್ಟಿ ಇಳಿಸಿ ಕೂತಿರ್ತಿದ್ದ.

ಇಂಥಾ ಮಾತು ಕಿಸೆದಾಗ ಇಟಗೊಂಡು ಕೂಡೂದು ನನ್ನಿಂದ ಆಗೂದಿಲ್ಲ. ಮಿರಗ ಕೂಡಿದ ದಿನ ಬೀಜಕ್ಕ ಮಂದಿ ಬಂದಿದ್ರು: ಹುಡಗಿ ಊರವರು, ದುಬಲಗುಂಡಿಯವರು, ನಿಮ್ಮ ಕಲ್ಯಾಣದ ಗಾಡಿಯವರು. ನಾ ತಕ್ಕಡಿ ಇಡೂ ಕಟ್ಟಿ ಮ್ಯಾಲ ನಿಂತು ಹೇಳಿದೆ, ‘ಕೇಳ್ರಿ, ಇನ್ನ ಮ್ಯಾಲ ಬಂಡೆಪ್ಪನ ಮನಿತನದಾಗ ಅಕ್ಷರಾನೂ ಸವಾಯಿ ಮ್ಯಾಲ ಸಿಗತಾವ. ಕಲ್ಯಾಣದಾಗ ನನ್ನ ತಂಗಿ ಕೊಡಾಕತ್ತಾಳ.’ ಎಲ್ಲಾರೂ ನಕ್ಕರು. ಪಾಂಡುರಂಗ ಮಾತ್ರ ನಗಲಿಲ್ಲ. ಅಂವಾ ಮೊದಲಿಂದಲೂ ಬಿಗೀ ಮಾರೀ ಮನಷ್ಯಾ.

ಶೇವಂತಾ ಆರಾಮ ಇದ್ದಾಳ. ಮುಂಜಾನೆ ಅಂಗಡಿಗೆ ಬಂದು ತೊಗರಿ ಚೀಲದ ಮ್ಯಾಲ ಕೂಡ್ತಾಳ. ಗಿರಾಕಿ ಮಾರೀ ನೋಡಿ ಇಂವಾ ಚೌಕಾಶಿ ಮಾಡ್ತಾನ, ಇಂವಾ ಮಾಡೂದಿಲ್ಲ ಅಂತ ಕಿವಿಯಾಗ ಹೇಳ್ತಾಳ. ಒಂದೂ ತಪ್ಪೂದಿಲ್ಲ.

ಮಳಿ ಹ್ಯಾಂಗದ ಆ ಕಡೆ?

ಬಂಡೆಪ್ಪ


ಕಲ್ಯಾಣ, ೮ ಅಕ್ಟೋಬರ್ ೧೯೩೯

ಅಣ್ಣನಿಗೆ,

ಮಳೆ ಚೆನ್ನಾಗಿ ಆಯಿತು. ತ್ರಿಪುರಾಂತಕ ಕೆರೆ ತುಂಬಿದೆ. ಶಾಲೆಯ ಒಳಗೂ ಸ್ವಲ್ಪ ಆಯಿತು, ಚಿಂತೆ ಮಾಡುವಷ್ಟಲ್ಲ.

ನಿನ್ನ ರೂಢಿ ಇಲ್ಲಿ ಬೇರು ಬಿಟ್ಟಿದೆ. ಈಗ ನಲವತ್ತೊಂದು ಹುಡುಗಿಯರು. ನೀನು ಬಂದು ನೋಡಿದರೆ ಶಾಲೆ ಅನ್ನುವುದಿಲ್ಲ, ಸಂತೆ ಅನ್ನುತ್ತೀ. ಪಡಸಾಲೆಯ ಒಂದು ಮೂಲೆಯಲ್ಲಿ ಕಮಳಿ ಹುಣಸೆಬೀಜ ಇಟ್ಟು ಕೂಡಿಸುವ ಲೆಕ್ಕ ಹೇಳಿಕೊಡುತ್ತಾಳೆ. ಇನ್ನೊಂದು ಮೂಲೆಯಲ್ಲಿ ಕಾಗುಣಿತ. ಬಾಗಿಲ ಬಳಿ ನಾನು. ಪಡಸಾಲೆಯನ್ನು ನಮಗೆ ಬಿಟ್ಟುಕೊಟ್ಟ ಫಕ್ರುನ್ನೀಸಾ ಬೇಗಂ ಒಳಗಿನಿಂದ ಕೂಗುತ್ತಾರೆ, ‘ಕೇಶರಬಾಯಿ, ಮೊದಲು ಒಬ್ಬರೇ ಗದ್ದಲ ಮಾಡ್ತಿದ್ರಿ, ಈಗ ಹನ್ನೊಂದು ಮಂದಿ ಉಸ್ತಾನಿಯರು ಮಾಡಾಕತ್ತೀರಿ.’ ಬಾಡಿಗೆ ತೆಗೆದುಕೊಳ್ಳುವುದಿಲ್ಲ. ಗದ್ದಲದ ಬಗ್ಗೆ ಬೈಯುವ ಹಕ್ಕು ಮಾತ್ರ ಇಟ್ಟುಕೊಂಡಿದ್ದಾರೆ. ಅವರ ಮೊಮ್ಮಗಳೂ ಇಲ್ಲೇ ಕಲಿಯುತ್ತಾಳೆ.

ಒಂದು ಸಂಗತಿ ಹೇಳಬೇಕು. ಸಣ್ಣ ಹುಡುಗಿಯೊಬ್ಬಳಿಗೆ ‘ಥ’ ಬರಲೊಲ್ಲದು. ನಾನು ಮೂರು ದಿನ ತಿದ್ದಿಸಿ ಸೋತಿದ್ದೆ. ಕಮಳಿ ಅವಳ ಕೈ ಹಿಡಿಯಲಿಲ್ಲ. ಸುಮ್ಮನೆ ಬೆನ್ನ ಮೇಲೆ ಬೆರಳಿನಿಂದ ಬರೆದಳು, ಮತ್ತೆ ಬರೆದಳು. ಹುಡುಗಿ ಕಚಗುಳಿಗೆ ನಕ್ಕು, ಪಾಟಿ ತೆಗೆದುಕೊಂಡು ತಾನೇ ಬರೆದಳು. ಈಗ ಇಡೀ ಶಾಲೆ ಒಬ್ಬರ ಬೆನ್ನ ಮೇಲೆ ಒಬ್ಬರು ಬರೆಯುತ್ತದೆ.

ಫೆಬ್ರವರಿಗೆ ನನಗೆ ಭಯವಿಲ್ಲ.

ಶೇವಂತಾಳ ಬಗ್ಗೆ ಬರೆದದ್ದಕ್ಕೆ ನೀನು ಉತ್ತರ ಬರೆದಿಲ್ಲ. ಮರೆತಿರಬೇಕು.

ಕೇಶರ


ಹುಮನಾಬಾದ, ೨೦ ನವೆಂಬರ್ ೧೯೩೯

ತಂಗಿ ಕೇಶರಗ,

ವಿಲಾಯತಿಯವರು ಎಲ್ಲೋ ಲಡಾಯಿ ಸುರು ಮಾಡ್ಯಾರ, ಪಾಟಿಯ ಭಾವ ಹುಮನಾಬಾದದಾಗ ಏರ್ಯಾದ. ಇನ್ನೂ ಏರೂದ್ರೊಳಗ ಇಪ್ಪತ್ತು ಪಾಟಿ ಹಿಡಿದೀನಿ. ಒಂದು ಚೀಲ ತೊಗರಿ ಜೋಡಿ ಪಾಂಡುರಂಗನ ಗಾಡಿಯಾಗ ಕಳಿಸೀನಿ. ತೊಗರಿ ನಿನಗ, ಮಂದಿಗೆ ಹಂಚಿ ಕೂಡಬ್ಯಾಡ, ನಿನ್ನ ಸ್ವಭಾವ ಗೊತ್ತದ ನನಗ.

ಬೆನ್ನ ಮ್ಯಾಲ ಬರೆಯೂ ಸುದ್ದಿ ಮನ್ಯಾಗ ಓದಿ ಹೇಳಿದೆ. ಹೇಳಬಾರದಿತ್ತು. ಅವತ್ತಿಂದ ಶೇವಂತಾ ನಾ ಉಣಲಿಕ್ಕ ಕೂತಾಗ ಹಿಂದ ಬಂದು ಬೆನ್ನ ಮ್ಯಾಲ ಏನೇನೋ ಗೀಚತಾಳ, ‘ಏನ್ ಬರದೆ ಹೇಳು ಅಪ್ಪಾ’ ಅಂತಾಳ. ಅಕೀಗೆ ಒಂದು ಅಕ್ಷರ ಬರೂದಿಲ್ಲ. ನಾ ಏನು ಹೇಳಲಿ? ‘ಸಕ್ಕರಿ’ ಅಂದೆ. ಖುಷಿ ಆದಳು.

ಮೊನ್ನಿ ಸಂತಿಯಾಗೂ ನಿನ್ನ ಮಾತು ತೆಗದಿದ್ದೆ. ‘ರಾಶಿ ಆಗಲಿ, ನನ್ನ ತಂಗಿ ವಸೂಲಿ ಹ್ಯಾಂಗ ಮಾಡ್ತಾಳ ನೋಡ್ರಿ, ನನಗಿಂತ ಬಿಗಿ ಅದಾಳ’ ಅಂದೆ. ನಿಮ್ಮ ಕಲ್ಯಾಣದ ಗಾಡಿಯವರು ಒಬ್ಬರ ಮಾರಿ ಒಬ್ಬರು ನೋಡಿದ್ರು. ನಿನ್ನ ಹೆಸರು ಅಷ್ಟು ಏರ್ಯಾದ.

ಶೇವಂತಾನ್ನ ಕಳಿಸೂ ಮಾತು ಈಗ ಬ್ಯಾಡ. ಚಳಿ ಭಾಳ ಅದ.

ಬಂಡೆಪ್ಪ


ಕಲ್ಯಾಣ, ೧೯ ಡಿಸೆಂಬರ್ ೧೯೩೯

ಅಣ್ಣನಿಗೆ,

ಶಾಲೆಗೆ ಈಗ ಆರು ಹುಡುಗಿಯರು ಬರುತ್ತಾರೆ.

ಒಮ್ಮೆಲೇ ಆಗಲಿಲ್ಲ. ರಾಶಿ ಸುರುವಾದ ವಾರ ನಾಲ್ಕು ಮಂದಿ ಬಿಟ್ಟರು; ಹೊಲದ ಕೆಲಸ ಅಂದುಕೊಂಡೆ. ಮರುವಾರ ಹತ್ತು. ಈ ವಾರ ಕಮಳಿ, ಅವಳ ಹಿಂದೆಯೇ ಇಪ್ಪತ್ತು ಮಂದಿ. ಅವಳ ಮನೆಗೆ ಹೋದರೆ ತಾಯಿ ಅಂಬುಬಾಯಿ ಬಾಗಿಲಲ್ಲೇ ನಿಂತು, ‘ಹುಡುಗಿಗೆ ಮೈಯಾಗ ಆರಾಮಿಲ್ಲರಿ’ ಅಂದಳು. ಅವಳ ಹಿಂದೆ ಕಮಳಿ ಆರಾಮಾಗಿ ತೊಗರಿಕಡ್ಡಿ ಮುರಿಯುತ್ತಿದ್ದಳು. ನನ್ನನ್ನು ನೋಡಿ ತಲೆ ತಗ್ಗಿಸಿದಳು. ಎಲ್ಲ ಮನೆಯಲ್ಲೂ ಹೀಗೇ. ಯಾರೂ ಬೈಯುವುದಿಲ್ಲ, ಯಾರೂ ಕಾರಣ ಹೇಳುವುದಿಲ್ಲ.

ಕಾರಣ ನಾನೇ ಊಹಿಸಿದ್ದೇನೆ. ಬರಿ ಹಣೆಯವಳ ಮುಖ ಮುಂಜಾನೆ ಎದ್ದು ಮಕ್ಕಳು ನೋಡುವುದು ಬೇಡ ಅಂತ ಯಾರೋ ಮಾತು ತೆಗೆದಿರಬೇಕು. ಸುಗ್ಗಿಯ ಕಾಲ, ಮನೆಗೆ ಕಾಳು ಬರುವ ಹೊತ್ತು. ಅವರನ್ನು ದೂರಿ ಫಲವಿಲ್ಲ. ಒಂದೂವರೆ ವರ್ಷ ಯಾರೂ ನನಗೆ ಅದನ್ನು ನೆನಪಿಸಿರಲಿಲ್ಲ. ಹಾಗಾಗಿ ನಾನೂ ಮರೆತಿದ್ದೆ.

ಫೆಬ್ರವರಿ ಹನ್ನೆರಡಕ್ಕೆ ತಪಾಸಣೆ. ಹಿಂದಿನ ಖೋಲಿಯ ಸುಣ್ಣ ಇನ್ನೂ ಬೆಳ್ಳಗಿದೆಯೇ?

ಕೇಶರ


ಹುಮನಾಬಾದ, ೨೨ ಡಿಸೆಂಬರ್ ೧೯೩೯

ತಂಗಿ ಕೇಶರಗ,

ಬೆಳ್ಳಗದ. ನಿನ್ನ ವೈನಿ ಇವತ್ತೇ ಮತ್ತೊಮ್ಮೆ ಸಾರಿಸ್ಯಾಳ. ಸೋಮವಾರ ಪಾಂಡುರಂಗನ ಗಾಡಿ ಹೇಳ್ತೀನಿ. ಕರೀ ಹಲಗಿ ಅಲ್ಲೇ ಇರಲಿ, ಹೊರೂದು ತ್ರಾಸು. ಹಾದ್ಯಾಗ ಥಂಡಿ ಇರ್ತದ, ಕಂಬಳಿ ಹೊದ್ದುಕೊಂಡು ಕೂಡು. ಮಂದಿ ಮಾತಿಗೆ ಮನಸ್ಸು ಸಣ್ಣದು ಮಾಡಬ್ಯಾಡ. ನಮ್ಮ ಮನ್ಯಾಗ ದಿನಾ ಮುಂಜಾನೆ ಎಲ್ಲಾರೂ ನಿನ್ನ ಮಾರಿನ ನೋಡೂದು.

ಬಂಡೆಪ್ಪ


ಹುಮನಾಬಾದ, ೨೫ ಡಿಸೆಂಬರ್ ೧೯೩೯, ಸೋಮವಾರ

ಕೇಶರಾ,

ಗಾಡಿ ಹತ್ತಬ್ಯಾಡ. ಈ ಚೀಟಿ ಕೊಡಲಿಕ್ಕಷ್ಟೇ ಪಾಂಡುರಂಗನ್ನ ಕಳಿಸೀನಿ.

ನಿನ್ನ ಹಣೆ ಅಲ್ಲ, ನನ್ನ ಬಾಯಿ ಕಾರಣ.

ಇವತ್ತು ಮುಂಜಾನೆ ಅಂವಾ ಅಂಗಡಿಗೆ ಬಂದು ಒಂದು ಜೋಳದ ಚೀಲ ನನ್ನ ಮುಂದ ಇಳಿಸಿದ. ಬೀಜದ ಬಾಕಿ ಹೋದ ವಾರನ ತೀರಿಸಿದ್ದ. ‘ಇದು ಯಾವ ಲೆಕ್ಕದ್ದೋ?’ ಅಂದೆ.

‘ಕಮಳೀದರಿ.’

‘ಕಮಳೀದೇನು?’

‘ಸಾಲ್ಯಾಗ ತಗೊಂಡದ್ದರಿ. ಎಷ್ಟ ಆಗ್ಯಾದೋ ನಮಗ ತಿಳೀದು. ಮೂಲಾನೂ ಸವಾಯಿನೂ ಹಿಡಕೋರಿ. ಇನ್ನ ಮುಂದ ಬ್ಯಾಡ್ರಿ, ನಮಗ ನೀಗೂದಿಲ್ಲ. ಅದಕ್ಕ ಹುಡುಗೀನ ಬಿಡಿಸೀವಿ.’

ನನಗ ಮೊದಲು ನಗಿ ಬಂತು. ಆಮ್ಯಾಲ ಬರಲಿಲ್ಲ. ಕಾಗುಣಿತ ಎಷ್ಟು ಪಾಯಲಿ, ಮಗ್ಗಿ ಎಷ್ಟು ಪಾಯಲಿ ಅಂತ ನಿಮ್ಮ ಓಣಿಯವರು ತಿಂಗಳಿಂದ ಮನ್ಯಾಗ ಕೂತು ಲೆಕ್ಕ ಹಾಕಿ ನೋಡಾಕತ್ತಾರಂತ. ರಾಶಿ ಆತು, ವಸೂಲಿ ಬಂತು, ಕಲಿತಷ್ಟೂ ಬಾಕಿ ಏರ್ತದ ಅಂತ ಹುಡುಗ್ಯಾರನ್ನ ಹಿಂದಕ್ಕ ಕರಕೊಂಡಾರ. ಸವಾಯಿ ಅಂದ್ರ ಅವರಿಗೆ ಗೊತ್ತಿದ್ದದ್ದು ಒಂದೇ, ಅದು ನನ್ನ ಅಂಗಡಿದು. ಕಟ್ಟಿ ಮ್ಯಾಲ ನಿಂತು ಹೇಳಿದಾಂವನೂ ನಾನೇ.

‘ಅಲ್ಲೋ, ಅಕ್ಷರಕ್ಕ ಯಾರಾದ್ರೂ ಜೋಳ ಇಸಗೋತಾರೇನು? ಅದು ಫುಕಟ ಅದ’ ಅಂದೆ.

‘ಹೌದ್ರಿ’ ಅಂದ. ಚೀಲ ಮಾತ್ರ ಹಿಂದ ಎತ್ತಲಿಲ್ಲ. ನಾನೇ ಹೊತ್ತು ಅವನ ಗಾಡಿಯಾಗ ಹಾಕಿದೆ. ಅಂವಾ ಮತ್ತ ಇಳಿಸಿದ. ನಾ ಮತ್ತ ಹಾಕಿದೆ. ಬಾಜಾರದ ಮಂದಿ ನೆರೆದು ನೋಡಾಕತ್ತಿದ್ರು. ಇಪ್ಪತ್ತೈದು ವರ್ಷದಾಗ ಈ ಅಂಗಡಿಯಿಂದ ಫುಕಟ ಏನೂ ಹೊರಗ ಹೋಗಿಲ್ಲ, ನನ್ನ ಮಾತು ಯಾರು ನಂಬತಾರ?

ಒಂದು ಮಾತು ಬರದುಬಿಡ್ತೀನಿ. ಶುಕ್ರವಾರ ನಿನಗ ಬಾ ಅಂತ ಬರೆಯೂ ಮುಂದ ನನಗ ಒಳಗ ಖುಷಿ ಆಗಿತ್ತು. ಇವತ್ತು ಇಲ್ಲ.

ಪಾಂಡುರಂಗ ಇನ್ನೊಂದು ಹೇಳಿದ. ಮಳಿಗಾಲದಾಗ ನಿನ್ನ ಬಾಡಿಗಿ ಖೋಲಿ ಬಿಟ್ಟು, ಆ ಸೋರೂ ಪಡಸಾಲ್ಯಾಗನ ಮಲಗಾಕತ್ತೀ ಅಂತ. ‘ಚಿಂತೆ ಮಾಡುವಷ್ಟಲ್ಲ’ ಅಂತ ಬರದಿದ್ದಿ.

ಬಂಡೆಪ್ಪ


ಕಲ್ಯಾಣ, ೨ ಜನವರಿ ೧೯೪೦

ಅಣ್ಣಾ,

ನಿನ್ನ ಚೀಟಿ ಓದಿ, ಹೊರಡಲು ಕಟ್ಟಿದ ಗಂಟು ಬಿಚ್ಚಿದೆ. ಬಿಚ್ಚುತ್ತಾ ನಕ್ಕೆ, ಆಮೇಲೆ ಅತ್ತೆ. ಎರಡು ವಾರದಿಂದ ಕನ್ನಡಿ ನೋಡಿರಲಿಲ್ಲ. ನೀನು ಮಾಡಿದ್ದು ಕೆಟ್ಟದ್ದಾದರೂ ನನಗೆ ಹಗುರಾಯಿತು. ಬಾಡಿಗೆಯ ದುಡ್ಡಿನಲ್ಲಿ ಬಳಪ ತಂದೆ. ಅದನ್ನು ದೊಡ್ಡದು ಮಾಡಬೇಡ.

ಆ ದಿನವೇ ಅಂಬುಬಾಯಿಯ ಮನೆಗೆ ಹೋದೆ. ಈ ಸಲ ಒಳಗೆ ಕರೆದಳು, ಮಜ್ಜಿಗೆ ಕೊಟ್ಟಳು. ನಾನು ಎಲ್ಲ ಬಿಡಿಸಿ ಹೇಳಿದೆ: ಇದು ಕಾಳಿನ ಸವಾಯಿಯಲ್ಲ, ಕಮಳಿ ಕಲಿಸಿದಾಗಲೇ ಅದು ತೀರಿತು, ಬಾಕಿ ಏನೂ ಇಲ್ಲ ಅಂತ. ಅವಳು ಸಮಾಧಾನದಿಂದ ಕೇಳಿದಳು. ಆಮೇಲೆ ಅವಳು ಅಂದದ್ದನ್ನು ಹಾಗೆಯೇ ಬರೆಯುತ್ತೇನೆ:

‘ಅಕ್ಕಾರ, ನೀವು ಸುಳ್ಳ ಹೇಳೂ ಮಂದಿ ಅಲ್ರಿ. ಖರೇ ಒಂದು ಮಾತ ಕೇಳ್ತೀನಿ, ಸಿಟ್ಟ ಆಗಬ್ಯಾಡ್ರಿ. ಸಾವಕಾರ್ರ ಮನ್ಯಾಗ ನಮ್ಮ ಕಮಳಿಕಿಂತ ಒಂದೆರಡು ವರ್ಷ ಸಣ್ಣಾಕಿ ಹುಡುಗಿ ಅದಾಳಂತಲ್ರಿ. ಅಷ್ಟು ಚಲೋ ಮಾಲು, ಅದೂ ಫುಕಟ, ಸ್ವಂತ ತಂಗಿ ಅಂಗಡಿದು. ಅದನ್ನ ಅವರು ತಮ್ಮ ಮಗಳಿಗೆ ಯಾಕ ಇಸಗೊಂಡಿಲ್ರಿ?’

ಮಜ್ಜಿಗೆ ಕುಡಿದು ಬಂದೆ.

ನಾನು ನಿನ್ನನ್ನು ಏನೂ ಕೇಳುತ್ತಿಲ್ಲ. ಅವಳು ಕೇಳಿದ್ದನ್ನು ತಿಳಿಸಿದ್ದೇನೆ ಅಷ್ಟೇ.

ಕೇಶರ


ಕಲ್ಯಾಣ, ೨೭ ಜನವರಿ ೧೯೪೦

ಅಣ್ಣಾ,

ನಿನ್ನ ಪತ್ರ ಬಂದು ತಿಂಗಳಾಯಿತು. ಗಾಡಿ ಮೂರು ಸಲ ಬಂದು ಹೋಯಿತು. ‘ಸಾವಕಾರ್ರು ಏನೂ ಕೊಟ್ಟಿಲ್ರಿ’ ಅಂತಾನೆ ಪಾಂಡುರಂಗ.

ನಾನು ಹಾಗೆ ಬರೆಯಬಾರದಿತ್ತು. ಶೇವಂತಾ ನಿನಗೆ ಎಷ್ಟು ಬೇಕು ಅನ್ನುವುದು ನನಗೆ ಗೊತ್ತು. ವೈನಿಗೆ ಮೂರು ಕೂಸು ಹೋಗಿ ಉಳಿದದ್ದು ಅದೊಂದೇ. ಮುಂಜಾನೆ ಅವಳಿಲ್ಲದೆ ನೀನು ಅಂಗಡಿಯ ಬಾಗಿಲು ತೆರೆಯುವುದನ್ನು ನಾನು ಊಹಿಸಲಾರೆ.

ಈಗಲೂ ಆರೇ ಹುಡುಗಿಯರು. ಹನ್ನೆರಡನೆಯ ತಾರೀಖಿಗೆ ಸಾಹೇಬರಿಗೆ ಇದ್ದದ್ದನ್ನು ತೋರಿಸುತ್ತೇನೆ. ಹದಿಮೂರಕ್ಕೆ ಗಾಡಿ ಕಳಿಸು. ಕರಿ ಹಲಗೆಯನ್ನು ಫಕ್ರುನ್ನೀಸಾ ಬೇಗಂ ಇಟ್ಟುಕೊಳ್ಳುತ್ತಾರಂತೆ. ಗದ್ದಲ ಇಲ್ಲದೆ ನಿದ್ದೆ ಬರುವುದಿಲ್ಲ ಅಂತ ಈಗಲೇ ಬೈಯುತ್ತಿದ್ದಾರೆ.

ಕೇಶರ


ಹುಮನಾಬಾದ, ೩೦ ಜನವರಿ ೧೯೪೦

ಕೇಶರಾ,

ಈ ಪತ್ರ ತಂದಾಕೀ ಶೇವಂತಾ. ಪಾಂಡುರಂಗನ ಗಾಡಿಯಾಗ, ಎರಡು ಚೀಲದ ಮ್ಯಾಲ, ಹಗಲಹೊತ್ತು, ಬಾಜಾರದ ನಡುವಿಂದ ಕಳಿಸಾಕತ್ತೀನಿ. ಗಾಡಿ ಕಟ್ಟೂದನ್ನ ಹುಮನಾಬಾದ ಪೂರಾ ನೋಡಾಕತ್ತದ. ಬಸವಣಪ್ಪ ಕಾಕಾ ಸುದ್ದಾ ಹೊರಗ ಬಂದಾನ.

ನನ್ನ ಮಗಳ ಮಾಸ್ತರಕಿ ನೀ ಮಾಡಬ್ಯಾಡ. ಕಮಳೀನ ಕರೆಸು. ಅಂಬುಬಾಯಿಗೆ ಹೇಳಿ ಕಳಿಸೀನಿ: ‘ನಿಮ್ಮ ಮಗಳ ಕಡೆಯಿಂದ ನನ್ನ ಮಗಳು ಅಕ್ಷರ ಕಡ ತಗೋತಾಳ. ಸಾಲಗಾರ ಈ ಸಲ ಬಂಡೆಪ್ಪ. ಸವಾಯಿ ಹ್ಯಾಂಗ ವಸೂಲ ಮಾಡ್ತೀರೋ ಮಾಡ್ರಿ.’ ಬಾಜಾರದಾಗ ಎಲ್ಲಾರ ಮುಂದ ಪಾಂಡುರಂಗನ ಬಾಯಿಂದ ಈ ಮಾತು ಎರಡು ಸಲ ಹೇಳಿಸಿಕೊಂಡೆ. ಆ ಬಿಗೀ ಮಾರೀ ಮನಷ್ಯಾ ಮೊದಲನೇ ಸಲ ನಕ್ಕ.

ಜಮಖಾನಿ ಮ್ಯಾಲ ಎಲ್ಲಾರ ಸಾಲಿನಾಗ ಕೂಡಿಸು, ಬ್ಯಾರೆ ಮಣಿ ಹಾಕಬ್ಯಾಡ. ರಾತ್ರಿ ಉಂಡ ಮ್ಯಾಲ ಒಂದು ತುಣುಕು ಬೆಲ್ಲ ಬೇಕು ಅಕೀಗೆ. ಬೇಡೂದಿಲ್ಲ, ಡಬ್ಬಿ ಕಡೆ ನೋಡ್ತಾಳ. ಗ್ವಾಡಿ ಮ್ಯಾಲಿನ ಹಲ್ಲಿಗೆ ಅಂಜತಾಳ, ಅಂಜೂದಿಲ್ಲ ಅಂತಾಳ. ಮಲಗೂ ಮುಂದ ಯಾರದರೆ ಸೆರಗು ಇಲ್ಲಾ ಧೋತರದ ಚುಂಗು ಹಿಡಕೊಂಡು ಮಲಗತಾಳ. ಪಡಸಾಲ್ಯಾಗ ಮಲಗಸಬ್ಯಾಡ, ನಿನ್ನ ಹಳೀ ಖೋಲಿ ಬಾಡಿಗಿ ಪಾಂಡುರಂಗನ ಕೈಯಾಗ ಕಳಿಸೀನಿ, ಇಬ್ಬರೂ ಅಲ್ಲೇ ಇರ್ರಿ.

ಒಂದು ತಿಂಗಳು ಯಾಕ ಬರೀಲಿಲ್ಲ ಅಂತ ಕೇಳಬ್ಯಾಡ. ದಿನಾ ಬರೀಲಿಕ್ಕ ಕೂಡ್ತಿದ್ದೆ. ಅಕೀ ಹಿಂದ ಬಂದು ಬೆನ್ನ ಮ್ಯಾಲ ಗೀಚತಿದ್ದಳು.

ಬಂಡೆಪ್ಪ


ಕಲ್ಯಾಣ, ೧೪ ಫೆಬ್ರವರಿ ೧೯೪೦

ಅಣ್ಣಾ,

ಮೊದಲು ನಿನಗೆ ಬೇಕಾದ ಸುದ್ದಿ. ಶೇವಂತಾ ಆರಾಮ ಇದ್ದಾಳೆ. ಎರಡು ರಾತ್ರಿ ಅತ್ತಳು, ಮೂರನೆಯ ರಾತ್ರಿ ಅಳುವುದಕ್ಕೆ ಪುರಸೊತ್ತಾಗಲಿಲ್ಲ. ನನ್ನ ಸೆರಗು ಈಗ ಒಂದು ಕಡೆ ಜಗ್ಗಿ ಉದ್ದ ಆಗಿದೆ.

ನೀನು ಕಳಿಸಿದ ಮಾತು ಗಾಡಿಗಿಂತ ಮೊದಲೇ ಓಣಿ ಮುಟ್ಟಿತ್ತು. ಮರುದಿನ ಮುಂಜಾನೆ ಅಂಬುಬಾಯಿ ಕಮಳಿಯ ತಲೆಗೆ ಎಣ್ಣೆ ಹಚ್ಚಿ, ಹೆರಳು ಹಾಕಿ, ತಾನೇ ಕರೆದುಕೊಂಡು ಬಂದಳು. ಶೇವಂತಾಳನ್ನು ಮೇಲಿಂದ ಕೆಳಗೆ ನೋಡಿ, ‘ಇಕೀನೇನ್ರಿ ನಮ್ಮ ಸಾಲಗಾರ್ತಿ? ಚಲೋ ಇದ್ದಾಳ, ಮುಳುಗಿಸೂದಿಲ್ಲ’ ಅಂದಳು. ಓಣಿಯ ಹೆಂಗಸರೆಲ್ಲ ನಕ್ಕರು. ಸಾವಕಾರನೇ ಸಾಲ ತೆಗೆದುಕೊಂಡ ಮೇಲೆ ಅದರಲ್ಲಿ ಮೋಸವಿಲ್ಲ ಅಂತ ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ವಾರದೊಳಗೆ ಎಲ್ಲ ಮೂಲೆಗಳೂ ತುಂಬಿದವು.

ಸಾಹೇಬರು ಬಂದಾಗ ಮೂವತ್ತೆಂಟು ಮಂದಿ ಹಾಜರಿದ್ದರು. ಅವರು ಬಾಗಿಲಲ್ಲಿ ನಿಂತು ನಾಲ್ಕೂ ವರ್ಗ ಎಣಿಸಿದರು. ಒಳಗೆ ಬಂದು, ಹಿಂದಿನ ಸಾಲಿನಲ್ಲಿದ್ದ ಶೇವಂತಾಳನ್ನೇ ಎಬ್ಬಿಸಬೇಕೇ? ಅವಳು ಬಂದು ಎರಡು ವಾರವೂ ಆಗಿರಲಿಲ್ಲ.

‘ಏನು ಬರ್ತದ ಮಗಾ ನಿನಗ?’

‘ಮೂರು ಅಕ್ಷರ ಬರ್ತಾವ್ರಿ. ನಾಲ್ಕನೇದು ನಾಳಿಗೆ ಅದ.’

‘ಇದನ್ನ ಕಲಿಸಿದ ಉಸ್ತಾನಿ ಯಾರು?’

ಅವರು ನನ್ನ ಕಡೆ ತಿರುಗಿದ್ದರು. ಶೇವಂತಾ ಕಮಳಿಯ ಕೈ ಹಿಡಿದು ಎಬ್ಬಿಸಿದಳು. ಕಮಳಿಯದು ತಾಯಿಯ ಹಳೆಯ ಸೀರೆ ಹರಿದು ಹೊಲಿದ ಪರಕಾರ, ಬರಿಗಾಲು. ಸಾಹೇಬರು ಕಮಳಿಗೆ ಸಲಾಂ ಮಾಡಿದರು. ಚೇಷ್ಟೆಗಲ್ಲ.

ಹೋಗುವಾಗ ಹೇಳಿದರು, ‘ಬಾಯಿಸಾಹೇಬ, ಎರಡನೇ ಉಸ್ತಾನಿಯನ್ನ ಕೊಡಲಿಕ್ಕೆ ಹೈದರಾಬಾದಿನಲ್ಲಿ ಪೈಸೆ ಇಲ್ಲ. ಇಲ್ಲಿ ಒಂದೂ ಪಗಾರವಿಲ್ಲದೆ ಇಷ್ಟು ಜನ ಹುಟ್ಟಿದ್ದಾರೆ. ನಾನು ಏನಂತ ಬರೀಲಿ?’ ಇಜಾಜತ್ ಮುಂದುವರಿದಿದೆ. ಬೇಮಳಖೇಡದ ಹುಡುಗರ ಶಾಲೆಯಲ್ಲೂ ಒಬ್ಬರೇ ಮಾಸ್ತರಂತೆ. ಈ ರೂಢಿಯನ್ನು ಅವರಿಗೆ ಹೇಳಿಕೊಡಲು ಬರುತ್ತೀರಾ ಅಂತ ಕೇಳಿದ್ದಾರೆ. ಬರ್ತೀನಿ ಅಂದೆ. ಸವಾಯಿ ಅನ್ನುವ ಮಾತು ಮಾತ್ರ ಅಲ್ಲಿ ತೆಗೆಯುವುದಿಲ್ಲ.

ಕೆಳಗಿನ ಮೂರು ಅಕ್ಷರ ನಿನ್ನ ಮಗಳ ಕೈಯವು. ಅವಕ್ಕ ಅರ್ಥ ಹುಡುಕಬ್ಯಾಡ, ಅವು ಸುಮ್ಮನ ಮೂರು ಅಕ್ಷರ.

ಗ   ಸ   ರ

ನಿನ್ನ ಕೇಶರ


ಹುಮನಾಬಾದ, ೧೦ ಜೂನ್ ೧೯೪೦

ಕೇಶರಾ,

ಶೇವಂತಾನ್ನ ನಾಳಿನ ಗಾಡಿಗೆ ಕಳಿಸಾಕತ್ತೀನಿ. ಸೂಟಿ ತೀರಿತು ಅಂತ ಅಕೀನೇ ಗಂಟು ಕಟ್ಟಿ ಕೂತಾಳ. ಇನ್ನೆರಡು ದಿನ ಇರು ಅಂದೆ. ‘ಕಮಳಿ ಕಾಯ್ತಿರ್ತಾಳ’ ಅಂದಳು. ಸೋತೆ.

ಮಿರಗ ಬಂತು, ಬೀಜಕ್ಕ ಪಾಂಡುರಂಗ ಹೆಂಡತೀನೂ ಕರಕೊಂಡು ಬಂದಿದ್ದ. ಅಂಬುಬಾಯಿನ್ನ ನಾ ಅವತ್ತೇ ಮೊದಲು ನೋಡಿದ್ದು. ‘ನನ್ನ ಮಗಳ ಬಾಕಿ ಅದಲ್ಲವ್ವಾ, ಅದಕ್ಕ ಈ ವರ್ಷ ನಿಮ್ಮ ಬೀಜದ ಸವಾಯಿ ಬಿಟ್ಟೀನಿ’ ಅಂದೆ. ನಾನು ಹಂಗಂದದ್ದು ಈ ಅಂಗಡಿಯಾಗ ಅದೇ ಮೊದಲು. ಮುನೀಮ ಪೆನ್ನು ಕೆಳಗಿಟ್ಟ.

ಆ ಹೆಣ್ಣಮಗಳು ಒಪ್ಪಲಿಲ್ಲ. ‘ಬೀಜದ್ದು ಬೀಜಕ್ಕ ಇರಲಿರಿ. ನೀವು ಮೂಲಾ ಪಾಯಲಿ ಕೊಡ್ರಿ, ನಾವು ಸವಾ ತಂದು ಹಾಕ್ತೀವಿ. ಹುಡುಗಿ ಬಾಕಿ ಹುಡುಗಿ ತೀರಸ್ತಾಳ. ನಡುವ ನೀವ್ಯಾರ್ರಿ?’ ಅಂದಳು.

ನಾ ಆಗ ಅಂಗಡಿ ಹಿಂದಿನ ಅಡಗಿ ಮನ್ಯಾಗ ನೋಡಿದೆ. ಹುಡುಗಿ ತೀರಿಸಾಕತ್ತಿದ್ದಳು. ತಿಂಗಳಿಂದ ದಿನಾ ತೀರಿಸ್ಯಾಳ, ನನಗ ತಿಳಿದಿದ್ದಿಲ್ಲ. ಪಾರ್ವತಿ ರೊಟ್ಟಿ ತಟ್ಟಲಿಕ್ಕ ಕೂಡೂ ಮುಂದ ಪರಾತದಾಗ ಒಣಾ ಹಿಟ್ಟು ಹರವತಾಳ. ಶೇವಂತಾ ಹಿಂದ ಕೂತು ತಾಯಿ ಬೆನ್ನ ಮ್ಯಾಲ ಬರೀತಾಳ, ತಾಯಿ ಅದನ್ನ ಹಿಟ್ಟಿನಾಗ ಬರೀತಾಳ. ಆಮ್ಯಾಲ ಅದರ ಮ್ಯಾಲ ರೊಟ್ಟಿ ತಟ್ಟಿ ಅಳಿಸಿ ಬಿಡ್ತಾಳ. ಇಷ್ಟು ದಿನ ನಾ ಏನೇನು ಉಂಡೀನೋ ಗೊತ್ತಿಲ್ಲ.

ಈ ಕಾರಭಾರದ ಒಟ್ಟು ಖರ್ಚು ಹೋದ ವರ್ಷ ಬರದಿದ್ದೆ. ಯಾರಿಗೆ ಏನು ಬಂತು, ಅದನ್ನೂ ಬರದು ಲೆಕ್ಕದ ಈ ಬಾಬು ಮುಗಸ್ತೀನಿ.

ಗಯಾಸುದ್ದೀನ್ ಸಾಹೇಬರಿಗೆ: ಪಗಾರ ಬೇಡದ ಹನ್ನೊಂದು ಉಸ್ತಾನಿಯರು.

ಬೇಮಳಖೇಡದ ಮಾಸ್ತರಗ: ವಾರದಾಗ ಒಂದು ದಿನ ನೀ.

ಕಮಳಿಗೆ: ಒಬ್ಬ ಸಾಹೇಬರ ಸಲಾಮು.

ಅಂಬುಬಾಯಿಗೆ: ನನ್ನ ಅಂಗಡಿಯಾಗ ನಿಂತು ನನಗ ‘ನೀವ್ಯಾರು’ ಅಂತ ಕೇಳೂ ಅಧಿಕಾರ.

ಬಸವಣಪ್ಪ ಕಾಕಾಗ: ಮೊಮ್ಮಗಳನ್ನ ಎಲ್ಲಿ ಹಾಕೂದು ಅಂತ ಮೊನ್ನಿ ಹೊಸ್ತಿಲಾ ದಾಟಿ ಬಂದು ಕೇಳಿದ. ಖರ್ಚೋ ಜಮಾನೋ, ನೀನೇ ಬರಕೋ.

ಪಾರ್ವತಿಗೆ: ತನ್ನ ಹೆಸರು. ಇವತ್ತು ಒಂದು ಅಕ್ಷರಾನೂ ಬಿಡಲಿಲ್ಲ.

ನಿನಗ: ಮಳಿಗಾಲದಾಗ ಒಣಾ ಹಾಸಿಗಿ. ಹಿಂದಿನ ಖೋಲಿಯಾಗ ಈ ವರ್ಷ ಪಾಟಿ ಇಟ್ಟೀನಿ, ಸುಣ್ಣ ಹಚ್ಚಿಸಿಲ್ಲ.

ನನಗ: ವಾರಕ್ಕ ಒಂದು ಪತ್ರ, ಎರಡು ಕೈ ಅಕ್ಷರದ್ದು. ಉಣೂ ಮುಂದ ಬೆನ್ನು ಖಾಲಿ.

ಬಂಡೆಪ್ಪ